ಗರಸಿನ ದಾರಿಯ ಕಾಕಾ

ಹೋದ ಶನಿವಾರ ಜರ್ಮನಿಯ ಅಬ್‌ಸ್ಟಾಟ್‌ನ ಕನ್ನಡದ ಮಂದಿಯೆಲ್ಲ ಸೇರಿ ಕಾಕಾಗೆ ಬೀಳ್ಕೊಡುಗೆ ಮಾಡಿದೆವು. ಹೋಳಿಗೆ ಇತ್ತು, ಎಣಗಾಯಿ ಇತ್ತು, ಶಾಲು ಇತ್ತು, ಫೋಟೋ ಸರಿ ಬರಲಿಲ್ಲವೆಂದು ಹೊದಿಸಿದ ಶಾಲನ್ನೇ ತೆಗೆದು ಮತ್ತೊಮ್ಮೆ ಹೊದಿಸುವ ಶಾಸ್ತ್ರವೂ ಇತ್ತು. ಮೈಕ್ ಹಿಡಿದವರೆಲ್ಲ ಕಾಕಾ ಎಷ್ಟು ದೊಡ್ಡ ಬ್ರೇಕ್ ಎಂಜಿನಿಯರ್, ಎಷ್ಟು ಸರಳ ಮನುಷ್ಯ ಎಂದು ಹೇಳಿದರು. ನನ್ನ ಸರದಿ ಬಂದಾಗ 'ಥ್ಯಾಂಕ್ಸ್ ಕಾಕಾ' ಎಂದಷ್ಟೇ ಹೇಳಿ ಕೂತುಬಿಟ್ಟೆ. ಆಫೀಸಿನ ಮೀಟಿಂಗಿನಲ್ಲಿ ಯಾರ ಬಾಯಿಗಾದರೂ ಬೀಗ ಹಾಕಬಲ್ಲ ಹುಬ್ಬಳ್ಳಿಯ ಹೆಣ್ಣು ನಾನು. ಅಂದು ನನ್ನ ಬಾಯಿಗೇ ಬೀಗ ಬಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಕೇಳಿದ್ದಕ್ಕೆ ಅವರೇ ಬೇಡವೆಂದರು. "ಹೆಸರು ಗಿಸರು ಬ್ಯಾಡ ತಂಗಿ. ನಾಳೆ ಮಂದಿ ಫೋನ್ ಮಾಡಿ, ಕಾಕಾ ಆ ಲೊಕೇಶನ್ ಕಳಸ್ರಿ ಅಂತಾರ. ಎಲ್ಲಾರೂ ಹೋದ್ರ ಅದು ಸುಮ್ಮನ ಇರೂ ದಾರಿ ಹೆಂಗ ಆಗತೈತಿ?"

ಕಾಕಾ ಬಾದಾಮಿ ಕಡೆಯವರು. ಈ ಊರಿನ ದೊಡ್ಡ ಅಭಿವೃದ್ಧಿ ಕೇಂದ್ರದಲ್ಲಿ ಕಾರಿನ ಬ್ರೇಕುಗಳ ಮೇಲೆ ಕೆಲಸ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾನು ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗೆ. ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದ ಹುಡುಗರಿಗೆಲ್ಲ ಅವರು ಕಾಕಾ, ಅವರ ಮನೆಯವರು ಕಾಕು. ನನ್ನ ಮಗಳು ಮಾತ್ರ ಹಾಗೆ ಕರೆಯಲು ಒಪ್ಪಲಿಲ್ಲ. ಜರ್ಮನ್ ಮಕ್ಕಳ ಬಾಯಲ್ಲಿ ಆ ಶಬ್ದಕ್ಕೆ ಕಕ್ಕಸಿನ ಅರ್ಥ. 'ಕಾಕಾಗ ನಮಸ್ಕಾರ ಮಾಡು' ಎಂದ ದಿನ ಅವಳು ಸೋಫಾದಿಂದ ಜಾರಿ ನೆಲಕ್ಕೆ ಬಿದ್ದು ನಕ್ಕಳು. ನನಗೆ ಮುಖ ಎಲ್ಲಿಡಲಿ ಎನ್ನುವಂತಾಯಿತು. ಕಾಕಾ ಅವಳ ಜೊತೆ ತಾವೂ ನಕ್ಕರು. ಅಂದಿನಿಂದ ಅವಳಿಗೆ ಅವರು ಓಂಕೆಲ್, ಜರ್ಮನ್ನಿನ ಅಂಕಲ್.

ವಾರವೆಲ್ಲ ಕಾರಿನ ಅನ್ನ ತಿನ್ನುವ ಈ ಮನುಷ್ಯನಿಗೆ ಭಾನುವಾರ ಕಾರಿನ ಮುಖ ಕಂಡರೆ ಆಗುತ್ತಿರಲಿಲ್ಲ. ಚುಡಾಯಿಸಿದರೆ, "ಮಿಠಾಯಿ ಅಂಗಡ್ಯಾವ ಮನ್ಯಾಗೂ ಮಿಠಾಯಿ ತಿಂತಾನೇನವಾ?" ಎನ್ನುತ್ತಿದ್ದರು. ಅವರ ಪ್ರಾಣವೆಲ್ಲ ಒಂದು ಗ್ರ್ಯಾವೆಲ್ ಬೈಕಿನಲ್ಲಿತ್ತು. ನೋಡಲು ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರು. ಡಾಂಬರಿಗಿಂತ ಗರಸಿನ ಮೇಲೆ ಓಡಿಸಲೆಂದೇ ಮಾಡಿದ ಸೈಕಲ್. ಅದನ್ನು ಕಾರಿನ ಹಿಂದೆ ಬಿಗಿದುಕೊಂಡು, ಆಟೋಬಾನ್‌ನಲ್ಲಿ ಎಲ್ಲ ಕಾರುಗಳಿಗಿಂತ ನಿಧಾನ ಹೋಗಿ, ರೈನ್ ನದಿಯ ಬಯಲು ದಾಟಿ, ಗಡಿಯಾಚೆ ಫ್ರಾನ್ಸಿನ ವೋಜ್ ಬೆಟ್ಟಗಳ ಬುಡದಲ್ಲಿ ಇಳಿಯುತ್ತಿದ್ದರು. ಅಲ್ಲಿ ಬೀಚ್ ಮರ, ಪೈನ್ ಮರಗಳ ಕಾಡಿನೊಳಗೆ ಅರಣ್ಯ ಇಲಾಖೆಯ ಗರಸಿನ ರಸ್ತೆಗಳು ಬೆಟ್ಟ ಸುತ್ತಿಕೊಂಡು ಹೋಗುತ್ತವೆ. ರಸ್ತೆಯ ಬಾಯಿಗೆ ಅಡ್ಡಗಂಬ ಹಾಕಿರುತ್ತಾರೆ. ಸೈಕಲ್ ನುಸುಳಬಹುದು, ಕಾರು ಹೋಗುವಂತಿಲ್ಲ.

ಇಲ್ಲಿ ನಮ್ಮ ಮನೆಯ ಹಿಂದೆಯೇ ಕಾಡಿದೆಯಲ್ಲ, ಅಷ್ಟು ದೂರ ಯಾಕೆ ಎಂದು ಒಮ್ಮೆ ಕೇಳಿದೆ. ಇಲ್ಲಿ ಭಾನುವಾರ ಇಡೀ ಊರು ನಾಯಿ ಹಿಡಿದುಕೊಂಡು ಕಾಡಿಗೆ ಬರುತ್ತದೆ, ಅವರಿಗೆ ಗುಟನ್ ಟಾಗ್ ಹೇಳಿ ಹೇಳಿಯೇ ಉಸಿರು ಹೋಗುತ್ತದೆ ಎಂದರು. ನಿಜವಾದ ಕಾರಣ ಬೇರೆ ಇತ್ತು. ವೋಜ್ ಬೆಟ್ಟದ ಕಲ್ಲು ಕೆಂಪು. ಅಲ್ಲಿ ಬಂಡೆ ಸಿಕ್ಕಲ್ಲೆಲ್ಲ ಅವರು ಸೈಕಲ್ ಒರಗಿಸಿ ಅಂಗೈಯಿಟ್ಟು ನಿಲ್ಲುತ್ತಿದ್ದರು. "ನಮ್ಮ ಬಾದಾಮಿ ಕಲ್ಲ ಇದು. ಫ್ರೆಂಚ್ ಕಲತೈತಿ ಅಷ್ಟ." ಸಂಜೆ ಮನೆಗೆ ಬಂದಾಗ ಅಂಗಿ, ಕಾಲುಚೀಲ, ಮೀಸೆ ಎಲ್ಲ ಕೆಂಪು. ಕಾಕು ಬಾಗಿಲಲ್ಲೇ ತಡೆದು, "ಏನ್ರಿ, ಹೋಳಿ ಆಡಿ ಬಂದ್ರೇನು?" ಎಂದು ಬಾಲ್ಕನಿಯಲ್ಲಿ ಜಾಡಿಸಿಯೇ ಒಳಗೆ ಬಿಡುತ್ತಿದ್ದರು.

ದಾರಿಗಳಿಗೆ ಅವರು ಇಟ್ಟ ಹೆಸರುಗಳನ್ನು ಫ್ರಾನ್ಸಿನವರು ಕೇಳಿದರೆ ಏನನ್ನುತ್ತಿದ್ದರೋ! ಒಂದು ಏರು 'ಬೀಗರ ಗುಡ್ಡ', ಯಾಕೆಂದರೆ ಮುಗಿಯಿತು ಎಂದುಕೊಂಡಾಗ ಮತ್ತೆ ಶುರುವಾಗುತ್ತದೆ. ಒಂದು ತಂಪಾದ ಕಣಿವೆ 'ಮಜ್ಜಿಗಿ ಹಳ್ಳ'. ಕಾಕು ಒಂದೇ ಒಂದು ಸಲ ಜೊತೆಗೆ ಹೋಗಿ, ಸೈಕಲ್ ಎಸೆದು, ಇನ್ನು ಬರುವುದಿಲ್ಲವೆಂದು ಕೂತ ಜಾಗಕ್ಕೆ 'ಕಾಕು ಕಟ್ಟಿ'. ನಾವೆಲ್ಲ ಆ ಬೆಟ್ಟಗಳನ್ನು ಕಲಿತದ್ದು ಈ ಹೆಸರುಗಳಿಂದಲೇ.

ಬುತ್ತಿಯ ವಿಷಯ ಹೇಳದಿದ್ದರೆ ಕಾಕಾ ಪೂರ್ತಿಯಾಗುವುದಿಲ್ಲ. ಒಮ್ಮೆ ಊರಿಂದ ಬಂದ ಖಡಕ್ ರೊಟ್ಟಿಯನ್ನು ಸೀಟಿನ ಹಿಂದಿನ ಚೀಲದಲ್ಲಿ ಹಾಕಿಕೊಂಡು ಹೋದರು. ಗರಸಿನ ಮೇಲೆ ಬೆಳಗಿನಿಂದ ಕುಣಿದು ಕುಣಿದು ಮಧ್ಯಾಹ್ನ ಡಬ್ಬಿ ತೆಗೆದರೆ ರೊಟ್ಟಿ ಹಿಟ್ಟಾಗಿತ್ತು. ಬೇರೆ ಯಾರಾದರೂ ಮರುವಾರ ಬ್ರೆಡ್ ಒಯ್ಯುತ್ತಿದ್ದರು. ಕಾಕಾ ಮರುವಾರ ಅದೇ ಡಬ್ಬಿಗೆ ಬೆಳ್ಳುಳ್ಳಿ, ಶೇಂಗಾ ಚಟ್ನಿ, ಒಂದು ಚಮಚ ಎಣ್ಣೆಯನ್ನೂ ಸೇರಿಸಿ ಮುಚ್ಚಳ ಬಿಗಿದರು. "ಕುಟ್ಟೂ ಕೆಲಸ ಗುಡ್ಡನ ಮಾಡತೈತಿ, ನಮಗ ಮುಟಗಿ ತಯಾರ!" ಕುಟ್ಟಿದ ರೊಟ್ಟಿಯ ಆ ಮುಟಗಿಗೆ ಮೊಸರು ಸುರಿದುಕೊಂಡು ತಿಂದೆವು. ಬೆಳ್ಳುಳ್ಳಿ ಮಾತ್ರ ಇಡಿಯಾಗಿಯೇ ಉಳಿದಿತ್ತು. ಅದನ್ನು ಅವರು ಒಪ್ಪಿಕೊಳ್ಳಲೇ ಇಲ್ಲ.

ಆದರೆ ದಾರಿಯ ವಿಷಯದಲ್ಲಿ ಇಂಥ ಹುಡುಗಾಟ ನಡೆಯುತ್ತಿರಲಿಲ್ಲ. ಯಾರನ್ನಾದರೂ ಹೊಸ ದಾರಿಗೆ ಕರೆದೊಯ್ಯುವ ಮೊದಲು ಒಬ್ಬರೇ ಹೋಗಿ ನೋಡಿ ಬರುತ್ತಿದ್ದರು. ಅದೂ ಉಲ್ಟಾ. ನಾವು ಇಳಿಯಬೇಕಾದ ಇಳುವನ್ನು ಅವರು ಮೊದಲು ಏರುತ್ತಿದ್ದರು. ಇಳಿಯುವವನಿಗೆ ಬರೀ ಗಾಳಿ ಕಾಣುತ್ತದೆ, ಏರುವವನಿಗೆ ಒಂದೊಂದು ಕಲ್ಲೂ ಕಾಣುತ್ತದೆ ಎನ್ನುವುದು ಅವರ ಲೆಕ್ಕ. ತಾನು ಏರಿ ನೋಡದ ಇಳುವಿಗೆ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಬ್ರೇಕ್ ಪರೀಕ್ಷೆ ಮಾಡುತ್ತ ಬಾಳು ಕಳೆದವರ ಸ್ವಭಾವ ಅದು, ಏನಾದರೂ ಆಗುವ ಮೊದಲೇ ಎಲ್ಲಿ ಏನಾಗಬಹುದೆಂದು ಯೋಚಿಸಿಟ್ಟಿರುತ್ತಾರೆ. ಹುಡುಗರು ಬೆನ್ನ ಹಿಂದೆ 'ಕಾಕಾ ಟಿಯುಫ್' ಎಂದು ನಗುತ್ತಿದ್ದರು. ಇಲ್ಲಿ ವಾಹನಗಳ ತಪಾಸಣೆಗೆ ಹಾಗೆನ್ನುತ್ತಾರೆ.

ನಾನು ಈ ಕಥೆಯೊಳಗೆ ಬಂದದ್ದು ಒಂದು ಅಪಘಾತದಿಂದ. ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಒಂದು ಕಾರು ಹಿಂದಿನಿಂದ ಬಂದು ಹ್ಯಾಂಡಲಿಗೆ ತಾಗಿತು. ಹೆಗಲಿನ ಕಾಲರ್ ಎಲುಬು ಮುರಿಯಿತು. ಎಲುಬು ಕೂಡಿತು, ಆದರೆ ಮನಸ್ಸು ಕೂಡಲಿಲ್ಲ. ಬೆನ್ನ ಹಿಂದೆ ಎಂಜಿನ್ ಸದ್ದು ಕೇಳಿದರೆ ಫುಟ್‌ಪಾತಿನಲ್ಲಿ ನಡೆಯುವಾಗಲೂ ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಸೈಕಲ್ ಕೆಲ್ಲರಿಗೆ, ಅಂದರೆ ಕಟ್ಟಡದ ನೆಲಮಾಳಿಗೆಗೆ ಹೋಯಿತು. ಅದರ ಜೊತೆಗೆ ಮಗಳ ಸೈಕಲ್ಲನ್ನೂ ಇಳಿಸಿ ಬೀಗ ಹಾಕಿದೆ.

ಅಲ್ಲಿಂದ ತೊಂದರೆ ಶುರುವಾಯಿತು. ಇಲ್ಲಿ ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಪೊಲೀಸರೇ ಬಂದು ಸೈಕಲ್ ಕಲಿಸಿ ಪರೀಕ್ಷೆ ಮಾಡುತ್ತಾರೆ. ಪಾಸಾದ ಮಕ್ಕಳು ಶಾಲೆಗೆ ಸೈಕಲ್ಲಿನಲ್ಲಿ ಹೋಗುವುದು ನಮ್ಮೂರಲ್ಲಿ ಜವಳ ತೆಗೆಸಿದಷ್ಟೇ ದೊಡ್ಡ ಸಂಗತಿ. ಮಗಳು ಮುಂದಿನ ವರ್ಷ ಆ ಕ್ಲಾಸಿಗೆ ಹೋಗುವವಳಿದ್ದಳು. ನಾನು ಆಗುವುದಿಲ್ಲ ಎಂದೆ. ಗಂಡ ಹೇಳಿ ನೋಡಿದ, ಜಗಳವಾಯಿತು. ಮಗಳು ಜಗಳ ಮಾಡಲಿಲ್ಲ. ಊಟದ ಮೇಜಿನಲ್ಲಿ ತಲೆ ತಗ್ಗಿಸಿ, ಎಲ್ಲರಿಗೂ ಬಿಡುತ್ತಾರೆ, ನನಗೆ ಮಾತ್ರ ಇಲ್ಲ ಎಂದು ಜರ್ಮನ್‌ನಲ್ಲಿ ಮೆಲ್ಲಗೆ ಹೇಳಿ ಎದ್ದುಹೋದಳು. ನನ್ನ ಹೆದರಿಕೆಯನ್ನು ನನ್ನ ಕೂಸಿಗೆ ಬಳುವಳಿ ಕೊಡುತ್ತಿದ್ದೇನೆ ಎಂದು ಆ ದಿನ ಅರ್ಥವಾಯಿತು. ಆದರೆ ಅರ್ಥವಾದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲವಲ್ಲ.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಕಾಕಾಗೆ ಹೇಳಿದೆ. ಅವರು ಧೈರ್ಯ ಹೇಳಲಿಲ್ಲ, ಅಂಕಿಸಂಖ್ಯೆ ಹೇಳಲಿಲ್ಲ. ಚಮಚದಿಂದ ಸೂಪು ಕದಡುತ್ತ ಕೇಳಿಸಿಕೊಂಡರು.

"ಗಾಡಿ ಇಲ್ಲದ ದಾರಿ ಇದ್ರ ಬರ್ತೀ ಏನವಾ?"

"ಅಂಥಾ ದಾರಿ ಎಲ್ಲೈತ್ರಿ ಕಾಕಾ, ಜರ್ಮನಿಯೊಳಗ?"

"ಜರ್ಮನಿಯೊಳಗ ಅಂತ ನಾ ಎಲ್ಲಿ ಅಂದೆ? ಒಂದ ಗಾಡಿ ಸೈತ ನಿನ್ನ ಹಿಂದ ಬರಂಗಿಲ್ಲ. ನನ್ನ ಮಾತು."

ಆ ಏಪ್ರಿಲ್‌ನಿಂದ ಭಾನುವಾರ ಬಿಡುವಾದಾಗಲೆಲ್ಲ ವೋಜ್. ಮೊದಲ ದಿನ ಅಡ್ಡಗಂಬ ದಾಟಿದ ಮೇಲೂ ನಾನು ಹತ್ತು ಸಲ ಹಿಂದೆ ನೋಡಿದ್ದೇನೆ. ಕಾಕಾ ಪ್ರತಿ ಸಲ ನಾನು ನೋಡಿ ಮುಗಿಸುವವರೆಗೆ ಕಾದರು. ಟೈರಿನ ಕೆಳಗೆ ಗರಸು ಕರಕರ ಎನ್ನುತ್ತಿತ್ತು, ಎಲ್ಲೋ ಕೋಗಿಲೆಯಂಥದ್ದೊಂದು ಹಕ್ಕಿ. ಬೀಗರ ಗುಡ್ಡದ ತುದಿಯಲ್ಲಿ ಕೆಂಪು ಕಲ್ಲಿನ ಹಾಳು ಕೋಟೆ, ಅದರ ಕೆಳಗೆ ಬೆಟ್ಟದ ಹಿಂದೆ ಬೆಟ್ಟ. ಮೇ ತಿಂಗಳ ಹೊತ್ತಿಗೆ ನಾನು ಹಿಂದೆ ನೋಡುವುದನ್ನು ಮರೆತಿದ್ದೆ. ಖುಷಿಯಾಗಿತ್ತು, ತುಂಬ ಖುಷಿಯಾಗಿತ್ತು. ಆದರೆ ಸಂಜೆ ಅಬ್‌ಸ್ಟಾಟ್‌ಗೆ ಬಂದು ಸೈಕಲ್ ಇಳಿಸಿದ ಕೂಡಲೇ ಅದೇ ಹಳೆಯ ನಾನು. ಮನೆಯವರೆಗಿನ ಒಂದು ಬೀದಿಯನ್ನೂ ತಳ್ಳಿಕೊಂಡೇ ಹೋಗುತ್ತಿದ್ದೆ. ಮಗಳು ಕಿಟಕಿಯಿಂದ ನೋಡುತ್ತಿದ್ದಳು.

ಜೂನಿನಲ್ಲಿ ಒಂದು ಗುರುವಾರ ನಮಗೆ ರಜೆ ಬಂತು. ಫ್ರೋನ್‌ಲೈಖ್‌ನಾಮ್ ಎಂದು ಕ್ಯಾಥೊಲಿಕರ ಹಬ್ಬ. ಅಂಗಡಿ ಬಂದ್, ಆಫೀಸ್ ಬಂದ್, ಲಾರಿಗಳೂ ಓಡುವುದಿಲ್ಲ. ಕಾಕಾ ಹೊಸ ದಾರಿಯೊಂದನ್ನು ಏರಿಳಿದು ನೋಡಿ ತಯಾರು ಮಾಡಿದ್ದರು. ಆಟೋಬಾನ್ ಖಾಲಿ ಇತ್ತು. ಗಡಿಯಲ್ಲಿ ಕೇಳುವವರಿಲ್ಲ, ಗಡಿ ದಾಟಿದ್ದೇ ತಿಳಿಯುವುದಿಲ್ಲ. ಕಾರನ್ನು ಒಂದು ಹಳ್ಳಿಯ ಇಗರ್ಜಿಯ ಮುಂದೆ ನಿಲ್ಲಿಸಿ ಏರತೊಡಗಿದೆವು. ಬೇಕರಿ ತೆರೆದಿರುವುದನ್ನು ಇಬ್ಬರೂ ನೋಡಿದೆವು, ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಬೆಟ್ಟದ ಅರ್ಧಕ್ಕೂ ಮೇಲೆ ಹೋದ ಮೇಲೆ ನೆಲ ನಡುಗಿದಂತಾಯಿತು. ಕಾಕಾ ಕಾಲು ಊರಿ ಕಿವಿಗೊಟ್ಟರು. ತಿರುವಿನಲ್ಲಿ ದೂಳಿನ ಮೋಡ, ಅದರ ಹಿಂದೆ ಮರದ ದಿಮ್ಮಿ ಸಾಗಿಸುವ ಲಾರಿ. ನಾನು ಸೈಕಲ್ ಬಿಟ್ಟು ದಿಬ್ಬ ಹತ್ತಿ ಒಂದು ಬೀಚ್ ಮರವನ್ನು ತಬ್ಬಿಕೊಂಡೆ. ಲಾರಿ ನಿಧಾನವಾಗಿಯೇ ಬಂತು, ಪಾಪ. ಚಾಲಕ ನಮ್ಮನ್ನು ಕಂಡು ನಿಲ್ಲಿಸಿ, ತಲೆ ಹೊರಗೆ ಹಾಕಿ, ಆ ಕಡೆಯ ಜರ್ಮನ್‌ನಂಥ ಮಾತಿನಲ್ಲಿ ವಿವರಿಸಿದ. ಮುಂದೆ ಮರ ಕಡಿಯುತ್ತಿದ್ದಾರೆ, ದಾರಿ ಮುಚ್ಚಿದೆ. ನೀವು ಬಂದ ದಾರಿಯಲ್ಲೂ ಇನ್ನೂ ಲಾರಿಗಳು ಬರುತ್ತಿವೆ. ಪಕ್ಕದ ಕವಲಿನಲ್ಲಿ ಡಾಂಬರು ರಸ್ತೆಗೆ ಹೋಗಿ, ಅದು ನೇರ ಹಳ್ಳಿಗೆ ಇಳಿಯುತ್ತದೆ.

ಕಾಕಾ ಮೆಲ್ಲಗೆ, ಇಂದು ರಜೆಯಲ್ಲವೇ ಎಂದು ಕೇಳಿದರು.

ಚಾಲಕ ನಕ್ಕ. "ರಜೆ ನಿಮ್ಮ ಕಡೆ. ಇಲ್ಲಿ ಗುರುವಾರ."

"ಅಯ್ಯ ಶಿವನ," ಎಂದು ಕಾಕಾ ಹಣೆ ಹಿಡಿದುಕೊಂಡರು. ಅಷ್ಟು ವರ್ಷ ಜರ್ಮನಿಯಲ್ಲಿ ಬೇರೂರಿ, ಇಲ್ಲಿಯ ಕ್ಯಾಲೆಂಡರೇ ಜಗತ್ತಿನ ಕ್ಯಾಲೆಂಡರ್ ಆಗಿಬಿಟ್ಟಿತ್ತು. ಕಲ್ಲು ನೋಡಿದ್ದರು, ತಿರುವು ನೋಡಿದ್ದರು, ಮಳೆ ನೋಡಿದ್ದರು. ಹಬ್ಬ ಗಡಿ ದಾಟುವುದಿಲ್ಲ ಎನ್ನುವುದನ್ನು ನೋಡಿರಲಿಲ್ಲ.

ಲಾರಿ ಹೋಯಿತು. ಕವಲಿನ ತುದಿಗೆ ನಡೆದು ಹೋದೆವು. ಕೆಳಗೆ ಡಾಂಬರು ರಸ್ತೆ, ಅದರ ಮೇಲೆ ಆಗೊಂದು ಈಗೊಂದು ಕಾರು. ಕಾಕಾನ ಮುಖ ನಾನು ಹಾಗೆ ಎಂದೂ ಕಂಡಿರಲಿಲ್ಲ.

"ನೀ ಇಲ್ಲೇ ಕೂಡು ತಂಗಿ. ನಾ ಇಳದು ಹೋಗಿ ಕಾರು ತರ್ತೀನಿ. ತಪ್ಪಾತು. ಮಾತು ಕೊಟ್ಟು ತಪ್ಪಿದೆ."

"ನಿಮ್ಮ ತಪ್ಪೇನ್ರಿ ಇದರಾಗ?"

"ಮತ್ತ್ಯಾರದು? ಇನ್ನ ಯಾರನ್ನೂ ಕರಕೊಂಡು ಬರಂಗಿಲ್ಲ ಬಿಡು. ವಯಸ್ಸಾತು."

ಆ ಮಾತು ನನಗೆ ಲಾರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಅಲ್ಲಿ ಕೂತು, ಅವರು ಹೋಗಿ ಕಾರು ತಂದರೆ, ಅವರ ದಾರಿಗಳೆಲ್ಲ ಅಲ್ಲಿಗೆ ಮುಗಿಯುತ್ತವೆ ಎನಿಸಿತು. ನನ್ನದೂ. ಹೆಲ್ಮೆಟ್ ಬಿಗಿದೆ.

"ಇಳೀತೀನ್ರಿ ಕಾಕಾ."

"ಈ ಇಳುವು ನಾ ಏರಿಲ್ಲವಾ!"

"ಇರಲಿ. ಇಬ್ಬರೂ ಕೂಡೇ ನೋಡೂಣು."

ಅವರು ಸ್ವಲ್ಪ ಹೊತ್ತು ರಸ್ತೆಯನ್ನು ನೋಡಿದರು. "ಹಂಗಾರ ನೀ ಮುಂದ ಹೋಗು. ನಾ ಹಿಂದ ಇರ್ತೀನಿ. ಹಿಂದ ಮಾತ್ರ ನೋಡಬ್ಯಾಡ. ಬ್ರೇಕ್ ಎರಡೂ ಹಗುರಕ ಹಿಡಿ."

ಇಳಿದೆ. ಎದುರಿನಿಂದ ಮೂರು ನಾಲ್ಕು ಕಾರು ಬಂದವು. ಪ್ರತಿ ಸಲ ಹಲ್ಲು ಕಚ್ಚಿದೆ, ಪ್ರತಿ ಸಲ ಅವು ತಮ್ಮ ಪಾಡಿಗೆ ತಾವು ಹೋದವು. ಕಿವಿಯಲ್ಲಿ ಗಾಳಿ, ಎದೆಯಲ್ಲಿ ಡೊಳ್ಳು. ಹಿಂದಿನಿಂದ ಈಗ ಬಂತು, ಈಗ ಬಂತು ಎಂದು ಬೆನ್ನು ಕಾಯುತ್ತಿತ್ತು. ಬರಲಿಲ್ಲ. ಒಂದು ತಿರುವು, ಇನ್ನೊಂದು ತಿರುವು, ದ್ರಾಕ್ಷಿತೋಟ, ಮನೆಗಳು. ಒಂದೂ ಬರಲಿಲ್ಲ. ಎಷ್ಟು ಶಾಂತವಾದ ರಸ್ತೆ, ಸುಮ್ಮನೆ ಹೆದರಿದೆನಲ್ಲ ಎಂದು ನನ್ನ ಮೇಲೆ ನನಗೇ ನಗು ಬಂತು. ಇಗರ್ಜಿಯ ಮುಂದೆ ನಿಂತು, ಒಂದು ಕಾಲು ನೆಲಕ್ಕೂರಿ, ಆಗ ಹಿಂದೆ ತಿರುಗಿದೆ.

ಕಾಕಾ ತಿರುವಿನಲ್ಲಿ ಕಾಣಿಸಿದರು. ತಮ್ಮ ಪಥದ ನಟ್ಟನಡುವೆ, ನೆಟ್ಟಗೆ ಕೂತು, ಯಾರೂ ಎಡದಿಂದ ದಾಟದಂತೆ ಎಡಗೈಯನ್ನು ಅಡ್ಡ ಚಾಚಿಕೊಂಡು, ಎಮ್ಮೆ ಹೊಡೆದುಕೊಂಡು ಬರುವವರಷ್ಟೇ ಸಾವಕಾಶವಾಗಿ ಬರುತ್ತಿದ್ದರು. ಅವರ ಹಿಂದೆ ಟಪಾಲಿನ ಹಳದಿ ವ್ಯಾನು. ಅದರ ಹಿಂದೆ ಕಾರು, ಕಾರಿನ ಹಿಂದೆ ಕಾರು, ಒಂದು ಟ್ರ್ಯಾಕ್ಟರ್, ಮತ್ತೆ ಕಾರುಗಳು. ಸಾಲು ತಿರುವಿನಾಚೆಗೂ ಇತ್ತು. ಯಾರೋ ಹಾರನ್ ಹಾಕಿದರು. ಕಾಕಾ ತಿರುಗದೆಯೇ ಕೈಯೆತ್ತಿ ಅವರಿಗೊಂದು ನಮಸ್ಕಾರ ಮಾಡಿದರು.

ನನ್ನ ಪಕ್ಕ ಬಂದು ಇಳಿದರು. ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು, ಕೆಲವರು ಕಣ್ಣು ಕೆಂಪು ಮಾಡಿಕೊಂಡು, ಟ್ರ್ಯಾಕ್ಟರಿನ ಮುದುಕ ನಗುತ್ತ. ನಾನು ಸೀಟಿನಿಂದ ಇಳಿಯಲಿಲ್ಲ. ಇಡೀ ಸಾಲು ಮುಗಿಯುವವರೆಗೂ ಅಲ್ಲೇ ಕೂತು ನೋಡಿದೆ.

"ಒಂದ ಗಾಡಿ ಸೈತ ನಿನ್ನ ಹಿಂದ ಬರಂಗಿಲ್ಲ ಅಂದಿದ್ದೆ," ಎಂದರು ಕಾಕಾ, ಉಸಿರು ಸರಿಮಾಡಿಕೊಳ್ಳುತ್ತ. "ಬಂತೇನು?"

ನಾನು ಆ ಇಗರ್ಜಿಯ ಮುಂದೆ ಹೋ ಎಂದು ಅತ್ತೆ. ಬೇಕರಿಯ ಹೆಂಗಸು ಹೊರಗೆ ಬಂದು ಏನಾಯಿತೆಂದು ಕೇಳಿದಳು. ಕಾಕಾ ತಮಗೆ ಬರುವ ಒಂದೇ ಫ್ರೆಂಚ್ ವಾಕ್ಯದಲ್ಲಿ ಎರಡು ಕಾಫಿ ಕೇಳಿದರು.

ದಾರಿ ಹುಡುಕುವುದನ್ನು ಅವರು ಬಿಡಲಿಲ್ಲ. ಮುಂದಿನ ಭಾನುವಾರವೇ ಆ ಡಾಂಬರು ಇಳುವನ್ನು ಒಬ್ಬರೇ ಏರಿ ನೋಡಿ ಬಂದರಂತೆ, ಕಾಕು ಹೇಳಿದರು. ಅಂದಿನಿಂದ ಎರಡು ದೇಶದ ರಜೆಗಳನ್ನೂ ನೋಡಿಯೇ ಹೊರಡುತ್ತಿದ್ದರು. ಈಗ ನಿವೃತ್ತಿಯಾಗಿ ತಮ್ಮ ಮಗಳಿರುವ, ಉತ್ತರದ ಬಯಲಿನ ವೋಲ್ಫ್ಸ್‌ಬುರ್ಗ್‌ಗೆ ಹೊರಟಿದ್ದಾರೆ. ಅಲ್ಲಿ ಹುಡುಕಿದರೂ ಗುಡ್ಡ ಸಿಗದು. ಬೇಸರವಿಲ್ಲವೇ ಎಂದು ಕೇಳಿದರೆ, "ಕಾಲುವಿ ದಂಡಿ ಗುಂಟ ಗರಸಿನ ದಾರಿ ಐತಂತ. ಎರಡೂ ಕಡೆಯಿಂದ ನೋಡಬೇಕು," ಎಂದರು. ಮಾತಾಡುವಾಗ ಕಣ್ಣು ಹೊಳೆಯುತ್ತಿತ್ತು.

ನನ್ನ ಮಗಳು ನಾಲ್ಕನೆಯ ಕ್ಲಾಸಿನಲ್ಲಿ ಪರೀಕ್ಷೆ ಪಾಸು ಮಾಡಿದಳು. ಮರು ಸೋಮವಾರ ಶಾಲೆಗೆ ಮೊದಲ ಸಲ ಸೈಕಲ್ಲಿನಲ್ಲಿ ಹೊರಟಳು. ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ, ಬಾಯಲ್ಲಿ ಏನೋ ಹಾಡು. ನಾನು ಅವಳ ಹಿಂದೆ. ಮುಖ್ಯರಸ್ತೆಗೆ ಬಂದಾಗ ಬೆನ್ನ ಹಿಂದೆ ಎಂಜಿನ್ನಿನ ಸದ್ದು ಕೇಳಿತು. ಅಂಚಿಗೆ ಸರಿಯಲಿಲ್ಲ. ನಡುವಿಗೆ ಬಂದೆ, ಎಡಗೈ ಚಾಚಿದೆ. ಒಂದು ಕಾರು ನಿಧಾನವಾಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಬಸ್ಸು.

ಶಾಲೆಯ ತಿರುವಿನ ಹತ್ತಿರ ಮಗಳು ಹಾಡು ನಿಲ್ಲಿಸಿ, ಹಿಂದೆ ನೋಡದೆಯೇ ಕೂಗಿದಳು. "ಮಮಾ, ಕೈನ್ ಔಟೋ! ಒಂದೂ ಕಾರಿಲ್ಲ!"

"ಹೌದು ಪುಟ್ಟಿ," ಎಂದೆ. "ಒಂದೂ ಇಲ್ಲ. ನೀ ಹೊಡಿ."